ರಿಪೋರ್ಟಿನ ಆರನೇ ಸಾಲು

ಫೆಬ್ರವರಿ 9

ತಮ್ಮಾ,

ಹದಿನಾಲ್ಕು ವರ್ಷದ ಮೇಲೆ ನಿನಗೆ ಕಾಗದ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ನನ್ನ ದನಿ ಕೇಳಿ ಇಟ್ಟುಬಿಡುತ್ತೀಯ. ಕಾಗದವಾದರೆ ಹರಿಯುವ ಮುಂಚೆ ಒಂದು ಸಲ ಕಣ್ಣಾಡಿಸುತ್ತೀಯ ಅಂತ ಆಸೆ. ಸಣ್ಣವನಿದ್ದಾಗ ಅಂಗಡಿಯವನು ಸಾಮಾನು ಕಟ್ಟಿಕೊಟ್ಟ ಹಾಳೆಯನ್ನೂ ಓದದೆ ಬಿಸಾಡುತ್ತಿರಲಿಲ್ಲ ನೀನು.

ನಿನ್ನ ಭಾವನಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಹೌದು, ಅಪ್ಪನಿಗೆ ಬಂದದ್ದೇ. ಮೂವತ್ತು ವರ್ಷ ಬೇರೆಯವರ ಆ ಗ್ರಂಥಿಯನ್ನು ಕತ್ತರಿಸಿ ತೆಗೆದ ಸರ್ಜನ್ನಿಗೆ ತಮ್ಮದೇ ಕೈಕೊಟ್ಟಿದೆ. ರಕ್ತಪರೀಕ್ಷೆಯಲ್ಲಿ ನಾಲ್ಕರೊಳಗೆ ಇರಬೇಕಾದ ಅಂಕಿ ಇಪ್ಪತ್ತೆರಡು ಬಂತು. ಸೂಜಿ ಹಾಕಿ ಚೂರು ತೆಗೆದು ನೋಡಿ, ಇದೆ ಅಂದರು. ಆಮೇಲೆ ಆ ಹೊಸ ಸ್ಕ್ಯಾನ್. ಔಷಧಿ ಚುಚ್ಚಿ, ಒಂದು ಗಂಟೆ ಕೂರಿಸಿ, ಯಂತ್ರದೊಳಗೆ ತಳ್ಳುತ್ತಾರಲ್ಲ, ರೋಗ ಇದ್ದಲ್ಲೆಲ್ಲ ಹೊಳೆಯುತ್ತದಂತೆ. ಗ್ರಂಥಿ ಹೊಳೆಯಿತು. ಅದರ ಜೊತೆಗೆ ಬೆನ್ನಿನ ಬುಡದ ಮೂಳೆಯ ಹತ್ತಿರ ಒಂದು ಚುಕ್ಕೆಯೂ ಹೊಳೆಯಿತು. ಮೂಳೆಗೆ ಹರಡಿದೆ, ನಾಲ್ಕನೇ ಹಂತ, ಆಪರೇಷನ್ ಮಾತೇ ಇಲ್ಲ, ಇರುವಷ್ಟು ದಿನ ಹಾರ್ಮೋನ್ ಇಂಜೆಕ್ಷನ್ ಹಾಕಿಸಿಕೊಳ್ಳಿ ಅಂದರು.

ಇವರು ಊಟದ ಮೇಜಿನ ಮುಂದೆ ಕೂತು ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತಾರೆ. ಊಟ ಆರಿ ಹೋಗುತ್ತದೆ. 'ಕತ್ತರಿಸಿ ತೆಗೆಯೋ ಹಾಗಿದ್ರೆ ನಂಗೆ ಭಯ ಇರ್ತಿರಲಿಲ್ಲ ಕಣೇ' ಅಂತ ನಿನ್ನೆ ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿದರು.

ಸ್ಕ್ಯಾನಿನ ಸಿ.ಡಿ. ಇದರ ಜೊತೆ ಇಟ್ಟಿದ್ದೇನೆ. ಇವರಿಗೆ ಗೊತ್ತಿಲ್ಲ. ದೊಡ್ಡ ದೊಡ್ಡ ಆಸ್ಪತ್ರೆಯವರೂ ಅನುಮಾನ ಬಂದರೆ ನಿನ್ನ ಹತ್ತಿರ ಚಿತ್ರ ಕಳಿಸುತ್ತಾರೆ ಅಂತ ನನ್ನ ಕಿವಿಗೂ ಬಿದ್ದಿದೆ. ಒಂದು ಸಲ ನೋಡು. ಹಳೆಯದನ್ನು ಎತ್ತಬೇಡ, ಅದಕ್ಕೆ ಈಗ ನನ್ನಲ್ಲಿ ತ್ರಾಣವಿಲ್ಲ.

ಉತ್ತರಕ್ಕೆ ಕಾದಿರುವ,
ಅಕ್ಕ


ಫೆಬ್ರವರಿ 20

ಅಕ್ಕಾ,

ಹಳೆಯದನ್ನು ಎತ್ತಬೇಡ ಅಂದೆ. ಹದಿನಾಲ್ಕು ವರ್ಷದಿಂದ ನಾನು ಅದನ್ನು ಇಳಿಸಿಯೇ ಇಲ್ಲ, ಎತ್ತುವ ಮಾತೆಲ್ಲಿ ಬಂತು?

ಸಿ.ಡಿ. ನೋಡಿದೆ. ಹತ್ತು ನಿಮಿಷ ಸಾಕಾಯಿತು. ನಿಮ್ಮ ಆಸ್ಪತ್ರೆಯವರಿಗೆ ಕಾಣದ್ದು ನನಗೆ ಕಂಡಿದೆ. ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಬೇಡ. ಹೇಳುವುದಿಲ್ಲ.

ನೀನು ಮರೆತಿರಬಹುದು, ನಾನು ನೆನಪಿಸುತ್ತೇನೆ. ಅಪ್ಪನ ಸ್ಕ್ಯಾನ್ ಓದಿದವನು ನಾನು, ಆಪರೇಷನ್ ಮಾಡಿದವರು ಭಾವ. ಒಂದೇ ಆಸ್ಪತ್ರೆ, ಕೆಳಗಿನ ಕತ್ತಲೆ ಕೋಣೆಯಲ್ಲಿ ನಾನು, ಮೂರನೇ ಮಹಡಿಯಲ್ಲಿ ಅವರು. ಕತ್ತಲೆಯಲ್ಲಿ ಕೂರುತ್ತೇನೆ ಅಂತ ನನಗೆ ಗೂಬೆ ಅಂತ ಹೆಸರಿಟ್ಟಿದ್ದರು, ನಾನೂ ಹಲ್ಲು ಕಿರಿಯುತ್ತಿದ್ದೆ. ಅಪ್ಪನ ರಿಪೋರ್ಟಿನ ಆರನೇ ಸಾಲು ನನಗೆ ಇವತ್ತಿಗೂ ಬಾಯಿಪಾಠ: 'ಎಡಬದಿಯಲ್ಲಿ ರಕ್ತನಾಳದ ಪಕ್ಕ ಒಂಬತ್ತು ಮಿಲಿಮೀಟರಿನ ದುಂಡನೆಯ ಗಂಟು ಇದೆ. ರೋಗ ಅಲ್ಲಿಗೆ ಹರಡಿರುವ ಅನುಮಾನ. ಮೊದಲು ಅದನ್ನು ತೆಗೆದು ಪರೀಕ್ಷಿಸಿ, ಆಮೇಲೆ ಗ್ರಂಥಿಗೆ ಕೈ ಹಾಕುವುದು.'

ಭಾವ ಅದನ್ನು ಓದಲಿಲ್ಲ. ಯಾರ ರಿಪೋರ್ಟನ್ನೂ ಅವರು ಪೂರ್ತಿ ಓದಿದವರಲ್ಲ, ಇಡೀ ಆಸ್ಪತ್ರೆಗೆ ಗೊತ್ತಿದ್ದ ಸಂಗತಿ. ಕೈತೊಳೆಯುವ ತೊಟ್ಟಿಯ ಮುಂದೆ ನಿಂತು, ಮೊಣಕೈವರೆಗೆ ನೊರೆ ಹಚ್ಚಿಕೊಂಡು, 'ಕೊನೇ ಸಾಲು ಓದಮ್ಮಾ ಸಾಕು' ಅಂತ ನರ್ಸಿಗೆ ಹೇಳುತ್ತಿದ್ದರು. ಗಂಟು ಅಲ್ಲೇ ಉಳಿಯಿತು. ಎರಡು ವರ್ಷಕ್ಕೆ ಅಪ್ಪ ಹೋದರು.

ಹೆಣ ಇನ್ನೂ ಮನೆಯಲ್ಲಿತ್ತು. ನೆಂಟರೆಲ್ಲ ಕೂತಿದ್ದ ಹಜಾರದಲ್ಲಿ ಭಾವ ಹೇಳಿದರು: 'ಸ್ಕ್ಯಾನ್ ನೋಡಿದವನ ಕಣ್ಣೇ ತಪ್ಪಿದ್ರೆ ನಾನೇನ್ ಮಾಡ್ಲಿ?' ಗೂಬೆಯ ತಲೆಯ ಮೇಲೆಯೇ ಗೂಬೆ ಕೂರಿಸಿದರು. ಅಮ್ಮ ಸಾಯುವ ತನಕ ನನ್ನ ಮುಖ ನೋಡಲಿಲ್ಲ. ಆಸ್ಪತ್ರೆಯವರು ನನ್ನ ಕೈಗೆ ಸ್ಕ್ಯಾನ್ ಕೊಡುವುದನ್ನು ಒಂದೊಂದಾಗಿ ನಿಲ್ಲಿಸಿದರು, ಕೊನೆಗೆ ನಾನೇ ಬಿಟ್ಟು ಬಂದೆ. ನೀನು ಅವತ್ತು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ, ತುಟಿಪಿಟಕ್ಕೆನ್ನಲಿಲ್ಲ.

ನನಗೆ ಬೇಕಾದದ್ದು ಇಷ್ಟೇ. ಭಾವ ತಮ್ಮ ಕೈಯಾರೆ ಬರೆಯಲಿ: ನಾನು ರಿಪೋರ್ಟ್ ಪೂರ್ತಿ ಓದಲಿಲ್ಲ, ಅವನ ಮೇಲೆ ಸುಳ್ಳು ಹೇಳಿದೆ. ಅದನ್ನು, ಅವತ್ತು ಹಜಾರದಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಚಿಕ್ಕಪ್ಪನ ಮುಂದೆ ಗಟ್ಟಿಯಾಗಿ ಓದಿ, ಸಹಿ ಹಾಕಿ ಕಳಿಸಲಿ. ಕಾಗದ ಮುಟ್ಟಿದ ದಿನವೇ ನನಗೆ ಕಂಡದ್ದನ್ನು ಹೇಳುತ್ತೇನೆ. ಆತುರ ಅವರಿಗೆ, ನನಗಲ್ಲ.

ನಿನ್ನ ಒಡಹುಟ್ಟಿದವನು


ಮಾರ್ಚ್ 3

ತಮ್ಮಾ,

ಇವರಿಗೆ ಹೇಳಿದೆ. ಸಿ.ಡಿ. ಕಳಿಸಿದ್ದು ಗೊತ್ತಾಗಿ ಮನೆ ತಲೆಕೆಳಗಾಯಿತು. 'ಬರೆಯಲ್ಲ. ಅವನಿಗೆ ಕಂಡಿದ್ರೆ ಹೇಳ್ಲಿ, ಇಲ್ಲಾಂದ್ರೆ ಬಾಯಿ ಮುಚ್ಕೊಂಡಿರ್ಲಿ. ನನ್ನ ಮೈ ಇಟ್ಕೊಂಡು ವ್ಯಾಪಾರ ಮಾಡೋದು ಬೇಡ' ಅಂದರು. ಮೊನ್ನೆ ಹೊಟ್ಟೆಗೆ ಮೊದಲ ಇಂಜೆಕ್ಷನ್ ಹಾಕಿಸಿಕೊಂಡು ಬಂದರು. ನಾನು ಆಚೆ ಬೆಂಚಿನ ಮೇಲೆ ಕೂತಿದ್ದೆ. ಎದುರಿನ ಗೋಡೆಯಲ್ಲಿ ಇವರದೇ ಫೋಟೋ ನೇತುಹಾಕಿದ್ದರು, ನಿವೃತ್ತಿಯ ದಿನದ್ದು.

ಅವತ್ತು ಬಾಗಿಲಿಗೆ ಒರಗಿ ನಿಂತಿದ್ದೆ ನಿಜ. ಒಂದು ಕಡೆ ಗಂಡ, ಇನ್ನೊಂದು ಕಡೆ ತಮ್ಮ, ನಡುವೆ ಅಪ್ಪನ ಹೆಣ. ಯಾರ ಪರ ಬಾಯಿ ತೆರೆಯಬೇಕಿತ್ತು ನಾನು? ಆದರೆ ಹದಿನಾಲ್ಕು ವರ್ಷದಿಂದ ನನ್ನನ್ನು ಕೊರೆಯುತ್ತಿರುವ ಒಂದು ಪ್ರಶ್ನೆ ಇದೆ, ಇವತ್ತು ಕೇಳಿಬಿಡುತ್ತೇನೆ. ನಿನಗೆ ಅಷ್ಟು ಖಾತ್ರಿಯಿದ್ದರೆ 'ಆ ರಿಪೋರ್ಟ್ ತನ್ನಿ, ಎಲ್ಲರ ಮುಂದೆ ಓದೋಣ' ಅಂತ ಆವತ್ತೇ ಯಾಕೆ ಕೇಳಲಿಲ್ಲ? ಫೈಲು ಇವರ ಬೀರುವಿನಲ್ಲೇ ಇತ್ತಲ್ಲ. ನೀನು ತಲೆ ತಗ್ಗಿಸಿಕೊಂಡು ಚಪ್ಪಲಿ ಮೆಟ್ಟಿ ಹೊರಟುಹೋದೆ.

ಅದೆಲ್ಲ ಹಾಳಾಗಲಿ. ಯಾರೋ ಒಬ್ಬ ರೋಗಿಯ ಹೆಂಡತಿ ಸೆರಗೊಡ್ಡಿ ಕೇಳುತ್ತಿದ್ದಾಳೆ ಅಂದುಕೊಂಡು ಒಂದು ರಿಪೋರ್ಟ್ ಬರೆದುಕೊಡು.

ಅಕ್ಕ


ಮಾರ್ಚ್ 11

ಭಾವನವರಿಗೆ,

ಅಕ್ಕ ಕೇಳಿದಳು, ಆದ್ದರಿಂದ ರಿಪೋರ್ಟ್ ಕಳಿಸಿದ್ದೇನೆ. ಎರಡು ಹಾಳೆ ಇದೆ. ನಿಮ್ಮಿಂದ ಏನನ್ನೂ ಬರೆಸಿಕೊಳ್ಳದೆ ಕೊಡುತ್ತಿದ್ದೇನೆ, ವ್ಯಾಪಾರ ಅಂದಿರಂತೆ, ಅದಕ್ಕೆ. ಯಾವ ರೋಗಿಗೆ ಬರೆದರೂ ಹೀಗೆಯೇ ಬರೆಯುತ್ತಿದ್ದೆ. ಬಿಡುವು ಮಾಡಿಕೊಂಡು ಓದಿ. ಈಗ ನಿಮಗೆ ಕೈತೊಳೆಯುವ ಅವಸರ ಇಲ್ಲವಲ್ಲ.

ಕೆಳಗಿನ ಮಹಡಿಯ ಗೂಬೆ


ಮಾರ್ಚ್ 25

ತಮ್ಮಾ,

ರಿಪೋರ್ಟ್ ಬಂತು. ಇವರು ಕನ್ನಡಕ ಹಾಕಿಕೊಂಡು, ಮೊದಲ ಹಾಳೆ ಮಗುಚಿ, ಎರಡನೆಯದರ ತಳ ನೋಡಿದರು. 'ಚಿಕಿತ್ಸೆಯ ಬಗ್ಗೆ ಆಸ್ಪತ್ರೆಯವರ ತೀರ್ಮಾನವೇ ಅಂತಿಮ.' ಗಟ್ಟಿಯಾಗಿ ಓದಿದರು. 'ನೋಡ್ದ್ಯಾ ನಿನ್ನ ತಮ್ಮನ ಪ್ರತಾಪ? ಏನೋ ಕಂಡಿದೆ ಅಂತ ಕುಣಿದಾಡಿದ' ಅಂತ ನಕ್ಕು, ಮಡಚಿ ಮೇಜಿನ ಡ್ರಾಯರಿಗೆ ಹಾಕಿದರು.

ನಾನು ನಿನ್ನನ್ನು ನಂಬಿದ್ದೆ. ನಿನಗೆ ನಿಜವಾಗಿ ಏನೂ ಕಂಡಿರಲಿಲ್ಲ, ಸುಮ್ಮನೆ ನಮ್ಮನ್ನು ಗೋಳುಹೊಯ್ದುಕೊಂಡೆ, ಅಲ್ಲವಾ? ಎರಡು ವಾರದಿಂದ ಬಾಗಿಲ ಬೆಲ್ ಆದಾಗೆಲ್ಲ ಅಂಚೆಯವನೇನೋ ಅಂತ ಓಡುತ್ತಿದ್ದೆ.

ಇಂಜೆಕ್ಷನ್ನಿನಿಂದ ಇವರಿಗೆ ಮೈಯೆಲ್ಲ ಇದ್ದಕ್ಕಿದ್ದ ಹಾಗೆ ಬಿಸಿಯೇರಿ ಬೆವರುತ್ತದೆ. ನನಗೆ ನಲವತ್ತೊಂಬತ್ತಕ್ಕೆ, ಮುಟ್ಟು ನಿಲ್ಲುವಾಗ ಆಗುತ್ತಿತ್ತು, ಥೇಟ್ ಹಾಗೆ. ಆಗ ಇವರು ಫ್ಯಾನ್ ಹಾಕಿಕೋ ಅಂತ ಹೇಳಿ ಪೇಪರ್ ಓದುತ್ತಿದ್ದರು. ಈಗ ಟಿವಿಯಲ್ಲಿ ಜಾಹೀರಾತು ಬಂದರೂ ಕಣ್ಣಲ್ಲಿ ನೀರು ಹಾಕುತ್ತಾರೆ. ಆಮೇಲೆ ನನ್ನ ಮೇಲೆ ರೇಗುತ್ತಾರೆ.

ಇನ್ನು ನಿನ್ನನ್ನು ಕೇಳುವುದಿಲ್ಲ.

ಅಕ್ಕ


ಜೂನ್ 6

ಅಕ್ಕಾ,

ಹನ್ನೆರಡು ವಾರ ಕಾದೆ. ಪ್ರತಿದಿನ ಮಧ್ಯಾಹ್ನ ಅಂಚೆ ಬರುವ ಹೊತ್ತಿಗೆ ಬಾಗಿಲಿಗೆ ಬಂದು ನಿಂತೆ. ನಿಮ್ಮಿಬ್ಬರಲ್ಲಿ ಒಬ್ಬರಾದರೂ ಅದನ್ನು ಪೂರ್ತಿ ಓದುತ್ತೀರೋ ನೋಡೋಣ ಅಂತ. ಓದಲಿಲ್ಲ.

ಈಗ ಡ್ರಾಯರ್ ತೆಗೆ. ಮೊದಲ ಹಾಳೆ. ಭಾವನನ್ನು ಎದುರಿಗೆ ಕೂರಿಸಿಕೊಂಡು ಮೇಲಿನಿಂದ ಎಣಿಸು. ಆರನೇ ಸಾಲು ಗಟ್ಟಿಯಾಗಿ ಓದು: 'ಬೆನ್ನಿನ ಬುಡದಲ್ಲಿ ಹೊಳೆಯುತ್ತಿರುವುದು ಮೂಳೆಯೂ ಅಲ್ಲ, ರೋಗವೂ ಅಲ್ಲ. ನರ ಹೊರಬೀಳುವ ರಂಧ್ರದಲ್ಲಿ ಕೂತ ನರದ ಗಂಟು, ಎಲ್ಲರಿಗೂ ಇರುವಂಥದ್ದು. ಬಲಬದಿಯಲ್ಲಿ ಅದರ ಜೋಡಿಯೂ ಮಸುಕಾಗಿ ಕಾಣುತ್ತದೆ. ರೋಗ ಗ್ರಂಥಿಯನ್ನು ದಾಟಿದ ಗುರುತಿಲ್ಲ. ಆಪರೇಷನ್ ಮಾಡಬಹುದಾದ ಹಂತ.'

ಓದಿದೆಯಾ? ಭಾವನ ಮುಖ ಹೇಗಾಯಿತು ಅಂತ ನನಗೆ ಬರೆದು ತಿಳಿಸು. ಅದನ್ನು ನೋಡುವ ಭಾಗ್ಯ ನನಗಿಲ್ಲ.

ಸ್ಕ್ಯಾನಿಗೆ ಚುಚ್ಚುವ ಈ ಹೊಸ ಔಷಧಿ ನರದ ಗಂಟಿಗೂ ಸ್ವಲ್ಪ ಅಂಟುತ್ತದೆ. ರೋಗದ ಗಂಟು ದುಂಡಗೆ ಇರುತ್ತದೆ, ನರದ್ದು ಹನಿಯ ಹಾಗೆ ಉದ್ದಕ್ಕೆ. ನಿಮ್ಮವರು ಚುಕ್ಕೆ ನೋಡಿದರು, ಆಕಾರ ನೋಡಲಿಲ್ಲ. ನಾನು ನೋಡಿದೆ, ನೋಡಿದ್ದನ್ನು ಬರೆದೆ, ಬರೆದದ್ದನ್ನು ಕೈಗೆ ಕೊಟ್ಟೆ. ಕಣ್ಣು ತಪ್ಪಿದ್ದು ಯಾರದು ಅಂತ ಈಗ ಹಜಾರದಲ್ಲಿ ನೆಂಟರನ್ನು ಸೇರಿಸಿ ಹೇಳಲಿ.

ನಾನು ಕೊಲೆಗಡುಕನಲ್ಲ. ಇಂಜೆಕ್ಷನ್ ರೋಗವನ್ನು ಕಟ್ಟಿಹಾಕಿರುತ್ತದೆ ಅಂತ ಗೊತ್ತಿದ್ದೇ ಕಾದದ್ದು. ಅಪ್ಪನಿಗೆ ಅಷ್ಟು ಭಾಗ್ಯವೂ ಇರಲಿಲ್ಲ. ಈ ಹನ್ನೆರಡು ವಾರ ಭಾವ ಬೆವರಿದ್ದು, ಅತ್ತದ್ದು, ಸಾವನ್ನು ಎದುರಿಗೆ ಕೂರಿಸಿಕೊಂಡು ಊಟ ಮಾಡಿದ್ದು ಎಲ್ಲ ನನ್ನ ಲೆಕ್ಕದ್ದು. ನನಗೆ ತುಂಬ ಖುಷಿಯಾಗಿದೆ ಅಕ್ಕಾ. ಸುಳ್ಳು ಯಾಕೆ ಹೇಳಲಿ? ಇಷ್ಟು ವರ್ಷದಲ್ಲಿ ಹೊಟ್ಟೆ ತುಂಬ ಉಂಡದ್ದು ಇವತ್ತೇ.

ಈಗ ಹೋಗಿ ಆಪರೇಷನ್ ಮಾಡಿಸಿಕೊಳ್ಳಿ.

ನಿನ್ನ ತಮ್ಮ


ಸೆಪ್ಟೆಂಬರ್ 14

ಗೂಬೆಗೆ,

ನಿನ್ನ ಅಕ್ಕ ಆ ಸಾಲು ಓದಿದಾಗ ನನ್ನ ಮುಖ ಹೇಗಾಯಿತು ಅಂತ ಅವಳು ನಿನಗೆ ಬರೆಯಲಿಲ್ಲ. ನಾನು ಹೇಳುತ್ತೇನೆ. ನಾನು ಎದ್ದು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಸಾಕಲ್ಲ?

ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದೆ. ಇಂಜೆಕ್ಷನ್ನಿಗೆ ಗ್ರಂಥಿ ಕುಗ್ಗಿತ್ತು, ಆ ಚುಕ್ಕೆ ಇದ್ದ ಹಾಗೆಯೇ ಇತ್ತು. ರೋಗವಾಗಿದ್ದರೆ ಅದೂ ಮಂಕಾಗಬೇಕಿತ್ತು. ನಿನ್ನ ಮಾತು ಸರಿ ಅಂತ ಎಲ್ಲರೂ ಒಪ್ಪಿದರು. ಜುಲೈ ಕೊನೆಯಲ್ಲಿ ನನ್ನ ಶಿಷ್ಯನೇ ಆಪರೇಷನ್ ಮಾಡಿದ. ಗ್ರಂಥಿಯ ಜೊತೆ ಸುತ್ತಲಿನ ಇಪ್ಪತ್ತೊಂದು ಗಂಟು ತೆಗೆದು ನೋಡಿದ್ದಾರೆ, ಒಂದರಲ್ಲೂ ರೋಗವಿಲ್ಲ. ಮೂತ್ರದ ನಳಿಗೆ ತೆಗೆದು ಐದು ವಾರವಾಯಿತು. ಕೆಮ್ಮಿದರೆ ಒದ್ದೆಯಾಗುತ್ತದೆ. 'ಸ್ವಲ್ಪ ದಿನ ಅಷ್ಟೇ, ಸರಿಹೋಗುತ್ತೆ' ಅಂತ ನಾನು ಸಾವಿರಾರು ಜನಕ್ಕೆ ಹೇಳಿದ ಮಾತನ್ನು ಶಿಷ್ಯ ನನಗೆ ಹೇಳಿದ. ಎಷ್ಟು ದಿನ ಅಂತ ನಾನು ಕೇಳಲಿಲ್ಲ, ಅವನಿಗೂ ಗೊತ್ತಿಲ್ಲ ಅನ್ನುವುದು ನನಗೆ ಗೊತ್ತು.

ಒಂದು ವಿಷಯ ನಿನ್ನ ಲೆಕ್ಕದಲ್ಲಿ ತಪ್ಪಿದೆ. ತಿಂಗಳುಗಟ್ಟಲೆ ಇಂಜೆಕ್ಷನ್ ಬಿದ್ದದ್ದರಿಂದ ಜೀವಕೋಶಗಳ ಆಕಾರ ಕೆಟ್ಟುಹೋಗಿದೆ, ರೋಗ ಎಷ್ಟು ಉಗ್ರ ಅಂತ ಇಡೀ ಗ್ರಂಥಿ ನೋಡಿ ದರ್ಜೆ ಕೊಡಲು ಬರುವುದಿಲ್ಲ ಅಂತ ಬರೆದಿದ್ದಾರೆ. ಮತ್ತೆ ಬರುತ್ತದೋ ಇಲ್ಲವೋ ಅಂತ ಅಂದಾಜು ಮಾಡುವುದು ಅದರಿಂದಲೇ. ನಿನ್ನ ಹನ್ನೆರಡು ವಾರ ಅದನ್ನು ಅಳಿಸಿಹಾಕಿತು. ಇನ್ನು ಪ್ರತಿ ರಕ್ತಪರೀಕ್ಷೆಗೂ ನಾನು ಉಸಿರು ಬಿಗಿಹಿಡಿದು ಕೂರಬೇಕು, ನಿನ್ನ ಅಕ್ಕನೂ ನನ್ನ ಪಕ್ಕದಲ್ಲಿ ಕೂರಬೇಕು.

ಈಗ ನೀನು ಕೇಳಿದ್ದು. ಚಿಕ್ಕಪ್ಪನನ್ನು ಕರೆಸಿ, ಅವರ ಮುಂದೆ ಗಟ್ಟಿಯಾಗಿ ಓದುತ್ತಾ ಬರೆಯುತ್ತಿದ್ದೇನೆ. ಮಾವನ ಆಪರೇಷನ್ ದಿನ ನಾನು ನಿನ್ನ ರಿಪೋರ್ಟಿನ ಕೊನೇ ಸಾಲು ಮಾತ್ರ ಓದಿಸಿಕೊಂಡೆ. ಆರನೇ ಸಾಲು ಓದಿದ್ದು ಹನ್ನೊಂದು ತಿಂಗಳ ಮೇಲೆ, ರಕ್ತದಲ್ಲಿ ಅಂಕಿ ಏರತೊಡಗಿದಾಗ. ನಿನ್ನ ಕಣ್ಣು ತಪ್ಪಿತು ಅಂತ ಹಜಾರದಲ್ಲಿ ಹೇಳಿದ್ದು ಸುಳ್ಳು. ನನ್ನ ಹೆಸರು ಉಳಿಸಿಕೊಳ್ಳಲು ಹೇಳಿದೆ. ಸಹಿ ಕೆಳಗಿದೆ.

ಆದರೆ ಹಳೇ ಫೈಲು ನನ್ನ ಬೀರುವಿನಲ್ಲಿ ಇನ್ನೂ ಇದೆ. ಅದರ ನಕಲು ಇದರ ಜೊತೆ ಇಟ್ಟಿದ್ದೇನೆ. ಆರನೇ ಸಾಲು ನಿನಗೆ ಬಾಯಿಪಾಠವಂತೆ. ಕೊನೇ ಸಾಲು? ನೀನು ಅಕ್ಕನಿಗೆ ಬರೆದ ಒಂದು ಕಾಗದದಲ್ಲೂ ಅದರ ಸುದ್ದಿ ಇಲ್ಲ. ನಾನು ಬರೆದುಕೊಡುತ್ತೇನೆ: 'ರೋಗ ಗ್ರಂಥಿಯೊಳಗೇ ಇದೆ. ಆಪರೇಷನ್ನಿಗೆ ಅಡ್ಡಿಯಿಲ್ಲ.' ಅದರ ಕೆಳಗೆ ನಿನ್ನ ಸಹಿ.

ಆರನೇ ಸಾಲಿನಲ್ಲಿ ಹರಡಿದೆ ಅಂತ ಅನುಮಾನ, ಕೊನೆಯಲ್ಲಿ ಹರಡಿಲ್ಲ ಅಂತ ತೀರ್ಪು. ಎರಡೂ ಒಂದೇ ಕೈ. ನಾನು ಓದದೆ ತಪ್ಪು ಮಾಡಿದೆ, ನೀನು ಗೊತ್ತಿದ್ದೂ ಬರೆದೆ. ಫೈಲು ತೋರಿಸಿ ಅಂತ ನೀನು ಅವತ್ತು ಯಾಕೆ ಕೇಳಲಿಲ್ಲ ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಇದನ್ನು ಇಷ್ಟು ವರ್ಷ ನಾನು ಯಾರಿಗೂ ತೋರಿಸಲಿಲ್ಲ. ನಿನ್ನ ಮೇಲಿನ ಕರುಣೆಯಿಂದಲ್ಲ. ತೋರಿಸಿದರೆ ನಾನು ಓದದೆ ಬಿಟ್ಟ ಆರನೇ ಸಾಲೂ ಹೊರಬೀಳುತ್ತಿತ್ತು.

ಈಗ ನನ್ನದು ಹೊರಬಿದ್ದಾಯಿತು. ಇನ್ನು ಮುಚ್ಚಿಡಲು ಕಾರಣವಿಲ್ಲ. ಇವತ್ತು ಬೆಳಿಗ್ಗೆ ಫೈಲನ್ನು ನಿನ್ನ ಅಕ್ಕನ ಕೈಗೆ ಕೊಟ್ಟೆ.

ಮೂರನೇ ಮಹಡಿಯ ಭಾವ


ಸೆಪ್ಟೆಂಬರ್ 15

ಎರಡು ರಿಪೋರ್ಟೂ ನನ್ನ ಮುಂದಿವೆ. ಒಂದು ಅಪ್ಪನದು, ಒಂದು ಇವರದು. ಎರಡರಲ್ಲೂ ಆರನೇ ಸಾಲು ಒಂದು ಹೇಳುತ್ತದೆ, ಕೊನೇ ಸಾಲು ಇನ್ನೊಂದು.

ನನ್ನ ಅಪ್ಪನನ್ನು ನೀವಿಬ್ಬರೂ ಸೇರಿ ಕಳೆದಿರಿ. ನನ್ನ ಗಂಡನನ್ನು ನೀನೊಬ್ಬನೇ ಕಳೆಯುತ್ತಿದ್ದೆ. ಅಮ್ಮ ನಿನ್ನ ಮುಖ ನೋಡದೆ ಸತ್ತಳು ಅಂತ ಇಷ್ಟು ವರ್ಷ ನಾನು ಒಳಗೊಳಗೇ ಅತ್ತಿದ್ದೆ, ನಿನಗಾಗಿ. ಆ ಕಣ್ಣೀರನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ. ಇವರನ್ನೂ ಬಿಟ್ಟಿಲ್ಲ. ಬಟ್ಟೆ ಬದಲಿಸುತ್ತೇನೆ, ಊಟ ಬಡಿಸುತ್ತೇನೆ, ಮಾತಾಡುವುದಿಲ್ಲ.

ನನಗೆ ಇನ್ನು ಬರೆಯಬೇಡ. ಬರೆದರೂ ಪೂರ್ತಿ ಓದುವುದಿಲ್ಲ. ಈ ಮನೆಯ ಪದ್ಧತಿ ನಿನಗೆ ಗೊತ್ತಲ್ಲ. ಕೊನೇ ಸಾಲು ಮಾತ್ರ ಓದಿ ಡ್ರಾಯರಿಗೆ ಹಾಕುತ್ತೇನೆ.

ಅಪ್ಪನ ಮಗಳು


ಅಕ್ಟೋಬರ್ 30

ಅಕ್ಕಾ,

ಇದು ನಿನ್ನ ಕಣ್ಣಿಗೆ ಬೀಳುವುದಿಲ್ಲ ಅಂತ ಗೊತ್ತಿದ್ದರಿಂದಲೇ ಕೈ ಓಡುತ್ತಿದೆ. ಆರು ವಾರದಲ್ಲಿ ಹದಿನೆಂಟು ಸಲ ಶುರುಮಾಡಿ ಹರಿದೆ.

ಅವತ್ತು ಸ್ಕ್ಯಾನ್ ಮುಗಿಸಿಕೊಂಡು ಅಪ್ಪ ನನ್ನ ಕೋಣೆಗೆ ಬಂದರು. ಆಸ್ಪತ್ರೆಯ ಗೌನು, ಹಿಂದೆ ಕಟ್ಟುವ ದಾರ ಬಿಚ್ಚಿಹೋಗಿತ್ತು, ಒಂದು ಕೈಯಲ್ಲಿ ಹಿಡಿದುಕೊಂಡಿದ್ದರು. ನನ್ನ ಕುರ್ಚಿಯ ಹಿಂದೆ ನಿಂತರು. ಪ್ರೆಸ್ಸಿನಲ್ಲಿ ಮೂವತ್ತೈದು ವರ್ಷ ಅಚ್ಚುಮೊಳೆ ಜೋಡಿಸಿದ ಕಣ್ಣು, ತಲೆಕೆಳಗಾದ ಅಕ್ಷರವನ್ನೂ ಓದುತ್ತಿತ್ತು. ನಾನು ಐದು ಸಾಲು ಟೈಪ್ ಮಾಡಿದ್ದೆ. ಆರನೆಯದನ್ನು ಬರೆದೆ. ಅಪ್ಪ ಭುಜದ ಮೇಲೆ ಕೈಯಿಟ್ಟು, 'ನಡುವಿಂದೆಲ್ಲ ನಿಮ್ಮ ಡಾಕ್ಟರ್ ಭಾಷೆ ಕಣಪ್ಪಾ, ತಲೆಗೆ ಹತ್ತಲ್ಲ. ಕೊನೇದೊಂದು ತೋರಿಸು, ಅದ್ ನಂಗೆ ಅರ್ಥ ಆಗತ್ತೆ' ಅಂದರು. ನಕ್ಕರು ಕೂಡ. ಅವರ ಕೈ ಬಿಸಿಯಾಗಿತ್ತು.

ಕೊನೆಯದನ್ನು ಅಪ್ಪನಿಗೆ ಓದಲು ಬರೆದೆ. ಆರನೆಯದನ್ನು ಭಾವನಿಗೆ ಓದಲು ಬರೆದೆ. ಅಪ್ಪ ಆಚೆ ಹೋದ ಮೇಲೆ ಕೊನೆಯದನ್ನು ತಿದ್ದಿದರಾಯಿತು ಅಂದುಕೊಂಡೆ. ಅಪ್ಪ ಹೋಗಲಿಲ್ಲ. ಪ್ರಿಂಟ್ ತೆಗೆಸಿ, ಸಹಿ ಹಾಕಿಸಿಕೊಂಡು, ತಾವೇ ಮೂರನೇ ಮಹಡಿಗೆ ತೆಗೆದುಕೊಂಡು ಹೋಗಿ ಅಳಿಯನ ಕೈಗೆ ಕೊಟ್ಟರು. ನಾನು ಫೋನ್ ಎತ್ತಿ ಮೂರನೇ ಮಹಡಿಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹಿಂದಿನ ವಾರ ಭಾವ ಎಲ್ಲರ ಮುಂದೆ ಗೂಬೆ ಅಂತ ಕರೆದಿದ್ದ ಸಿಟ್ಟು ಇತ್ತು. ಇಷ್ಟು ದೊಡ್ಡ ಸರ್ಜನ್, ಮಾವನ ರಿಪೋರ್ಟನ್ನಾದರೂ ಪೂರ್ತಿ ಓದಲಿ ಅಂದುಕೊಂಡು ಸುಮ್ಮನಾದೆ.

ಹದಿನಾಲ್ಕು ವರ್ಷ ಭಾವನ ಮೇಲೆ ಹಲ್ಲು ಮಸೆದೆ. ನನ್ನ ಹಲ್ಲಿಗೆ ಸಿಗಬೇಕಾದವನು ನಾನೇ ಅಂತ ಗೊತ್ತಿತ್ತು, ಅದಕ್ಕೇ ಇನ್ನೂ ಜೋರಾಗಿ ಮಸೆದೆ. ಭಾವನನ್ನು ಕ್ಷಮಿಸಿಲ್ಲ. ಕ್ಷಮಿಸು ಅಂತ ನಿನ್ನನ್ನೂ ಕೇಳುವುದಿಲ್ಲ.

ಈ ಸಲ ಸಹಿ ಇಲ್ಲಿಯೇ ಹಾಕುತ್ತೇನೆ. ಅದರ ಕೆಳಗೆ ಅಪ್ಪನ ರಿಪೋರ್ಟಿನ ಕೊನೇ ಸಾಲನ್ನು ತಿದ್ದಿ ಬರೆದಿದ್ದೇನೆ.

ತಮ್ಮ

ರೋಗ ಅಪ್ಪನ ಗ್ರಂಥಿಯನ್ನು ದಾಟಿ ಹರಡಿತ್ತು. ಅದು ನನ್ನ ಕಣ್ಣಿಗೆ ಕಂಡಿತ್ತು, ಅಕ್ಕಾ.